ಡ್ರೆಸ್ಸಿಂಗ್ ಹೊತ್ತಿಗೆ ವಿಆರ್: ಬರ್ನ್ಸ್ ವಾರ್ಡಿನಲ್ಲಿ ನನ್ನ ಅನುಭವ

ಸುಟ್ಟ ಕೈಯ ಬೆರಳು ಮಡಚಿಸುವಾಗ ಪೇಷಂಟ್ ಕಿರುಚುವುದನ್ನು ಕೇಳಿದ ಫಿಸಿಯೋಗಳಿಗೆ, ನಾನು ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆಯೇ ಲೋಕ ತೋರಿಸುವ ಈ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಿಂದೆ ಯಾಕೆ ಬಿದ್ದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಮಕ್ಕಳ ಆಟದ ಸಾಮಾನು ವಾರ್ಡಿಗೆ ಯಾಕೆ?" ಅಂದವರೇ ಜಾಸ್ತಿ. ಈಗ ಅವರೇ "ಮಷಿನ್ ಖಾಲಿ ಇದೆಯಾ ಮೇಡಂ?" ಅಂತ ಕೇಳಿಕೊಂಡು ಬರುತ್ತಾರೆ.

ಗಮನ ಆಟದ ಕಡೆ ಹೋದರೆ ನೋವು ಕಡಿಮೆ ಅನ್ನಿಸುತ್ತದೆ ಅನ್ನುವ ಐಡಿಯಾ ಹಳೆಯದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದಲ್ಲೇ ಸುಟ್ಟ ಗಾಯದವರಿಗೆ ಇದನ್ನು ಹಾಕಿ ನೋಡಿದ್ದರು. ಅವರ ಸ್ನೋವರ್ಲ್ಡ್ ಅನ್ನುವ ಆಟದಲ್ಲಿ ಪೇಷಂಟ್ ಹಿಮದ ಕಣಿವೆಯಲ್ಲಿ ಹಿಮದ ಉಂಡೆ ಎಸೆಯುತ್ತಾ ಸಾಗುತ್ತಾರೆ.

ಮೊದಲು ತಂದಿದ್ದು ಫೋನ್ ಇಡುವ ರಟ್ಟಿನ ಡಬ್ಬಿ. ಮುನ್ನೂರು ರೂಪಾಯಿ ಇರಬೇಕು. ತಲೆ ತಿರುಗಿಸಿದರೆ ಚಿತ್ರ ತಡವಾಗಿ ತಿರುಗುತ್ತಿತ್ತು. ಅರ್ಧ ಜನಕ್ಕೆ ವಾಕರಿಕೆ. ಆಮೇಲೆ ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 (ಮೆಟಾ ಕಂಪನಿಯ ಹೆಡ್‌ಸೆಟ್), ಇಪ್ಪತ್ತು ಸಾವಿರದ ಆಸುಪಾಸು, ನನ್ನ ಜೇಬಿನಿಂದಲೇ. ಅದರ ಸ್ಪಂಜ್ ಬೆವರು ಹೀರುತ್ತದೆ, ನಮ್ಮ ವಾರ್ಡಿಗೆ ಆಗಿಬರಲ್ಲ. ಒರೆಸುವಂಥ ಸಿಲಿಕೋನ್ ಕವರ್, ತಲೆಗೊಂದರಂತೆ ಬಿಸಾಡುವ ಮಾಸ್ಕ್ ಅಂತ ವರ್ಷಕ್ಕೆ ಏಳೆಂಟು ಸಾವಿರ ಹೋಗುತ್ತದೆ. ಲೆನ್ಸಿಗೆ ಮಾತ್ರ ಸ್ಪಿರಿಟ್ ತಾಗಿಸಬೇಡಿ.

ಅರ್ಧ ಕಿಲೋ ಭಾರ ಸುಟ್ಟ ಕುತ್ತಿಗೆಗೆ ಆಗಲ್ಲ. ಡ್ರಿಪ್ ಸ್ಟ್ಯಾಂಡಿಗೆ ತೂಗುಹಾಕಿ ಭಾರ ಇಳಿಸುವ ದಾರಿ ಮಾಡಿಕೊಂಡಿದ್ದೇನೆ. ಹೇಗೆ ಅಂತ ಸದ್ಯಕ್ಕೆ ಹೇಳಲ್ಲ. ಕೈ ಸುಟ್ಟವರಿಗೆ ಹಿಡಿದು ಆಡುವ ಕಂಟ್ರೋಲರ್ ಕೊಡೋ ಹಾಗಿಲ್ಲ. ತಲೆ ಆಡಿಸಿದರೆ ಸಾಕು ಅನ್ನುವಂಥ ಆಟವೇ ಬೇಕು.

ಮಳೆಗಾಲದ ಜೋಗದ 360 ಡಿಗ್ರಿ ವಿಡಿಯೋನೂ ಹಾಕಿ ನೋಡಿದೆ. ಕ್ಯಾಮೆರಾ ಅಲುಗಾಡಿದ ಕಡೆಯೆಲ್ಲ ತಲೆಸುತ್ತು. ಆದರೆ ವಯಸ್ಸಾದವರಿಗೆ ಚಿತ್ರ ಆಫ್ ಮಾಡಿ ನೀರಿನ ಸದ್ದು ಮಾತ್ರ ಕೇಳಿಸಿದರೆ ಒಂದಿಷ್ಟು ಸಮಾಧಾನ ಆಗುತ್ತಿತ್ತು.

ಸ್ಟವ್ ಸಿಡಿದು ಬಲಗೈ ಸುಟ್ಟ ಒಬ್ಬರು ಡ್ರೆಸ್ಸಿಂಗ್ ಅಂದರೆ ಕೈ ಎಳೆದುಕೊಳ್ಳುತ್ತಿದ್ದರು. ಹೆಡ್‌ಸೆಟ್ ಹಾಕಿದ ದಿನ ಸಿಸ್ಟರ್ ಕೊನೇ ಪದರ ಗಾಜ್ ಬಿಡಿಸಿ ಆಗಿತ್ತು. ನಾನು ತೋರುಬೆರಳು ಮಡಚುತ್ತಿದ್ದೆ. ಆಗ ಅವರು "ಮೇಡಂ, ಬಿಚ್ಚೋದು ಯಾವಾಗ ಶುರು ಮಾಡ್ತೀರಾ?" ಅಂದರು. ನೋವು ಹತ್ತಕ್ಕೆ ಎಂಟು ಅನ್ನುತ್ತಿದ್ದವರು ನಾಲ್ಕೋ ಐದೋ ಅಂದರು. ನೋವಿನ ಔಷಧಿ ನಿಲ್ಲಿಸಿರಲಿಲ್ಲ, ನೀವೂ ನಿಲ್ಲಿಸಬೇಡಿ.

ದೀಪಾವಳಿ ಮುಗಿದ ವಾರ ಮಕ್ಕಳೇ ಜಾಸ್ತಿ ಬರುತ್ತಾರೆ. ಕ್ವೆಸ್ಟ್ 2ರ ಲೆನ್ಸ್ ಅಂತರ 58, 63, 68 ಮಿಲಿಮೀಟರ್, ಮೂರೇ. ಚಿಕ್ಕವರ ಕಣ್ಣುಗಳ ನಡುವೆ ಅಷ್ಟು ಜಾಗವೇ ಇರಲ್ಲ, ತಲೆನೋವು ಬರುತ್ತದೆ. ಅದಕ್ಕೇ ಸಣ್ಣ ಮಕ್ಕಳಿಗೆ ಹಾಕುವುದಿಲ್ಲ. ಫಿಟ್ಸ್ ಇದ್ದವರಿಗೂ ಇಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೇರೆ. ಮುಖ ಸುಟ್ಟ ಒಬ್ಬ ಹುಡುಗ, ಗಾಯ ಒಣಗಿದ ಮೇಲೆ, ಡ್ರೆಸ್ಸಿಂಗ್ ಇಲ್ಲದ ದಿನವೂ "ಅಕ್ಕಾ, ಸುಮ್ನೆ ಅರ್ಧ ಗಂಟೆ ಹಾಕಿ" ಅಂತ ಗೋಗರೆಯುತ್ತಿದ್ದ. ಕನ್ನಡಿ ನೋಡಲ್ಲ, ನೋಡಲು ಬಂದವರ ಜೊತೆ ಮಾತಿಲ್ಲ. ಅವನ ಮುಖ ಯಾರಿಗೂ ಕಾಣದ ಜಾಗ ಅದೊಂದೇ. ನೋವು ಮರೆಸುವ ವಸ್ತು ಊರನ್ನೂ ಮನೆಯನ್ನೂ ಮರೆಸಬಲ್ಲದು ಅಲ್ವಾ? ನಾನು ಕೊಡಲಿಲ್ಲ. ಕೌನ್ಸೆಲರ್ ಹತ್ತಿರ ಕಳಿಸಿದೆ. ಅವನಿಗೆ ನನ್ನ ಮೇಲೆ ತುಂಬಾ ಕೋಪ ಇತ್ತು. ಅಂದಿನಿಂದ ಡ್ರೆಸ್ಸಿಂಗ್ ಮತ್ತು ವ್ಯಾಯಾಮಕ್ಕೆ ಮಾತ್ರ, ಇಪ್ಪತ್ತು ನಿಮಿಷ.

ಇನ್ನೊಂದು ವಿಷಯ, ಪೇಷಂಟ್ ಗುರುತು ಹೊರಗೆ ಹೋಗದಂತೆ ನೋಡಿಕೊಳ್ಳುವುದು, ನಮ್ಮವರು ಯೋಚಿಸುವುದೇ ಇಲ್ಲ. 2023ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 50,000ಕ್ಕೂ ಹೆಚ್ಚು ವಿಆರ್ ಆಟಗಾರರ ತಲೆ ಮತ್ತು ಕೈ ಆಡುವ ರೀತಿ ನೋಡಿ, 100 ಸೆಕೆಂಡಿನ ಡೇಟಾದಲ್ಲೇ ಶೇ 94ರಷ್ಟು ಸರಿಯಾಗಿ ಆಸಾಮಿಯನ್ನು ಗುರುತಿಸಿದರು. ಹೆಸರೇ ಬೇಕಿಲ್ಲ! ನಮ್ಮ ಹೆಡ್‌ಸೆಟ್‌ನಲ್ಲಿ ಪೇಷಂಟ್ ಹೆಸರಿನ ಅಕೌಂಟ್ ಇಲ್ಲ. ಡೇಟಾ ಹೊರಗೆ ಹೋಗದಿರಲಿ ಅಂತ ಆಟ ಇಳಿಸಿಕೊಂಡು ವೈಫೈ ಆಫ್ ಮಾಡಿಯೇ ವಾರ್ಡಿಗೆ ಒಯ್ಯುತ್ತೇನೆ. ಖರೀದಿಗೆ ಹೊರಟವರು ಅಂಗಡಿಯಲ್ಲೇ ನೆಟ್ ಇಲ್ಲದೆ ಆಟ ಓಡುತ್ತದಾ ಅಂತ ನೋಡಿ ತಗೊಳ್ಳಿ.