ಕೋರ್ಸ್ ಮಾಹಿತಿ ಎಲ್ಲರಿಗೂ ಸಿಗಬೇಕು, ಸರಿಯಾಗಿಯೂ ಇರಬೇಕು: ಹೇಗೆ ಮಾಡೋದು?

ಯೂನಿವರ್ಸಿಟಿ ವೆಬ್‌ಸೈಟ್‌ನಲ್ಲಿ ಕೋರ್ಸ್ ಮಾಹಿತಿ ನೋಡಿಕೊಳ್ಳುವ ಕೆಲಸ ನಿಮ್ಮ ಪಾಲಿಗೆ ಬಂದಿದೆಯಾ? ಹಾಗಾದರೆ ಮೊದಲು ಲಾಗ್ ಔಟ್ ಆಗಿ. ಕ್ಯಾಂಪಸ್ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನಿಮ್ಮದೇ ವಿಭಾಗದ ಒಂದು ಕೋರ್ಸ್‌ನ ಸಿಲಬಸ್ ಹುಡುಕಿ. ಮುಖಪುಟದಿಂದ ಮೂರು ಕ್ಲಿಕ್‌ನಲ್ಲಿ ಸಿಕ್ಕಿತಾ? ಪಾಸ್‌ವರ್ಡ್ ಕೇಳಿತಾ? ಸಿಕ್ಕಿದ್ದು ಈ ವರ್ಷದ್ದೋ ಹಳೆಯದೋ ಅಂತ ಪುಟ ನೋಡಿದ ತಕ್ಷಣ ಗೊತ್ತಾಯಿತಾ?

ಮೂರು ಕ್ಲಿಕ್ ಅಂತ ಸುಮ್ನೆ ಹೇಳಿದ್ದಲ್ಲ. ಅಮೆರಿಕದ ಟೆಕ್ಸಸ್ ರಾಜ್ಯ 2009ರಲ್ಲಿ ಇದಕ್ಕೇ ಒಂದು ಕಾನೂನು ತಂದಿತು. ಸರ್ಕಾರಿ ಯೂನಿವರ್ಸಿಟಿಗಳು ಪದವಿ ತರಗತಿಗಳ ಸಿಲಬಸ್ಸನ್ನು ವೆಬ್‌ಸೈಟ್‌ನಲ್ಲಿ ಹಾಕಲೇಬೇಕು, ಮುಖಪುಟದಿಂದ ಮೂರು ಲಿಂಕ್‌ಗಳೊಳಗೆ ಅದು ಸಿಗಬೇಕು, ಪಾಸ್‌ವರ್ಡ್ ಕೇಳಬಾರದು, ಕ್ಲಾಸ್ ಶುರುವಾಗಿ ಏಳು ದಿನದೊಳಗೆ ಬರಬೇಕು, ಕನಿಷ್ಠ ಎರಡು ವರ್ಷ ಅಲ್ಲೇ ಉಳಿಯಬೇಕು. ಆ ಕಾನೂನು ನಿಮಗೆ ಅನ್ವಯಿಸದೇ ಇರಬಹುದು, ಆದರೆ ಅಳತೆಗೋಲಾಗಿ ಚೆನ್ನಾಗಿದೆ. ಅದನ್ನೇ ಇಟ್ಟುಕೊಳ್ಳಿ.

ಲಾಗಿನ್ ಯಾಕೆ ಬೇಡ ಅಂದರೆ, ಈ ಮಾಹಿತಿ ಜಾಸ್ತಿ ಬೇಕಾಗಿರುವವರ ಹತ್ತಿರ ಲಾಗಿನ್ ಇರುವುದೇ ಇಲ್ಲ. ಯಾವ ಕೋರ್ಸ್‌ಗೆ ಅರ್ಜಿ ಹಾಕಲಿ ಅಂತ ಯೋಚಿಸುತ್ತಿರುವವರು, ಬೇರೆ ಯೂನಿವರ್ಸಿಟಿಯಿಂದ ಕ್ರೆಡಿಟ್ ವರ್ಗಾಯಿಸಿಕೊಳ್ಳುವವರು, ಓದು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ ಕೆಲಸಕ್ಕೋ ಮುಂದಿನ ಓದಿಗೋ ಹಳೆಯ ಸಿಲಬಸ್ ತೋರಿಸಬೇಕಾದವರು, ಎಲ್ಲರೂ ಹೊರಗಿನವರೇ. ಅಮೆರಿಕದ ಎಂಐಟಿ ಯೂನಿವರ್ಸಿಟಿ 2001ರಲ್ಲೇ ತನ್ನ ಪಾಠದ ಸಾಮಗ್ರಿಯನ್ನೇ ಎಲ್ಲರಿಗೂ ಉಚಿತವಾಗಿ ಕೊಡುವುದಾಗಿ ಹೇಳಿತು, ಕೊಟ್ಟಿತು ಕೂಡ. ಹಾಗಿರುವಾಗ ಬರೀ ಕ್ರೆಡಿಟ್ ಎಷ್ಟು, ಪರೀಕ್ಷೆ ಹೇಗೆ ಅನ್ನುವುದನ್ನು ಮುಚ್ಚಿಡಲು ಕಾರಣವೇ ಇಲ್ಲ. ವಿದ್ಯಾರ್ಥಿಗಳ ಪಟ್ಟಿ, ಅಂಕಗಳು, ಕಾಪಿರೈಟ್ ಇರುವ ಪುಸ್ತಕದ ಪುಟಗಳು ಇವಿಷ್ಟು ಲಾಗಿನ್ ಒಳಗಿರಲಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಮಾಹಿತಿ ತಪ್ಪಾಗುವುದು ಯಾರೋ ತಪ್ಪು ಬರೆದದ್ದರಿಂದ ಅಲ್ಲ, ಒಂದೇ ಮಾತನ್ನು ನಾಲ್ಕು ಕಡೆ ಬರೆದದ್ದರಿಂದ. ವಿಭಾಗದ ಪುಟದಲ್ಲಿ 4 ಕ್ರೆಡಿಟ್, ಕೈಪಿಡಿಯ ಪಿಡಿಎಫ್‌ನಲ್ಲಿ 3, ಪ್ರವೇಶದ ಪುಟದಲ್ಲಿ ಹಳೆಯ ಹೆಸರು. ಬದಲಾವಣೆಯಾದಾಗ ಯಾರೋ ಒಂದು ಕಡೆ ತಿದ್ದಿದರು, ಉಳಿದವು ಹಾಗೇ ಉಳಿದವು. 4 ಅಂತ ನಂಬಿ ಲೆಕ್ಕ ಹಾಕಿದ ವಿದ್ಯಾರ್ಥಿನಿಗೆ ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಕ್ರೆಡಿಟ್ ಕಡಿಮೆ ಬೀಳುತ್ತದೆ. ಅವಳದ್ದು ಏನು ತಪ್ಪು? ಯೂನಿವರ್ಸಿಟಿ ಹೇಳಿದ್ದನ್ನೇ ಅವಳು ನಂಬಿದ್ದು.

ಹಾಗಾಗಿ ಹೊಸದಾಗಿ ಏನನ್ನೂ ಬರೆಯುವ ಮೊದಲು ಹಳೆಯದನ್ನು ಹುಡುಕಿ. ಸರ್ಚ್ ಇಂಜಿನ್‌ನಲ್ಲಿ ನಿಮ್ಮ ಸೈಟ್ ಒಂದರೊಳಗೇ ಕೋರ್ಸ್ ಕೋಡ್ ಹಾಕಿ ನೋಡಿ, ಅದು ಎಲ್ಲೆಲ್ಲಿ ಕೂತಿದೆ ಅಂತ ಸಾಕಷ್ಟು ಗೊತ್ತಾಗುತ್ತದೆ. ಅವುಗಳಲ್ಲಿ ಒಂದನ್ನು ಅಸಲಿ ಪುಟ ಅಂತ ತೀರ್ಮಾನಿಸಿ. ಉಳಿದ ಕಡೆಯೆಲ್ಲ ವಿವರ ತೆಗೆದು ಆ ಪುಟಕ್ಕೆ ಲಿಂಕ್ ಕೊಡಿ. ನಕಲು ಬೇಡ, ಲಿಂಕ್ ಸಾಕು.

ಪಿಡಿಎಫ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ: ಅಸಲಿ ಪುಟ ಪಿಡಿಎಫ್ ಆಗಿರಲೇಬಾರದು. ಒಮ್ಮೆ ಡೌನ್‌ಲೋಡ್ ಆದರೆ ಅದು ವಾಟ್ಸಾಪ್ ಗುಂಪುಗಳಲ್ಲಿ ವರ್ಷಗಟ್ಟಲೆ ಓಡಾಡುತ್ತದೆ, ನೀವು ತಿದ್ದಿದ್ದು ಅದಕ್ಕೆ ಮುಟ್ಟುವುದಿಲ್ಲ. ಕಾಗದ ಸ್ಕ್ಯಾನ್ ಮಾಡಿ ಹಾಕಿದ್ದಾದರೆ ಇನ್ನೂ ಕಷ್ಟ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ. ಪಿಡಿಎಫ್ ಕೊಡಲೇಬೇಕಾದರೆ ಪ್ರತಿ ಹಾಳೆಯ ಮೇಲೂ ವರ್ಷ ಮತ್ತು ತಾರೀಖು ಇರಲಿ.

ಪುಟದೊಳಗೆ ಎರಡು ಭಾಗ ಮಾಡಿ. ಕೋರ್ಸ್‌ನ ಹೆಸರು, ಕೋಡ್, ಕ್ರೆಡಿಟ್, ಉದ್ದೇಶ ಅಪರೂಪಕ್ಕೆ ಬದಲಾಗುತ್ತವೆ. ಯಾರು ಪಾಠ ಮಾಡುತ್ತಾರೆ, ಯಾವ ಹೊತ್ತು, ಯಾವ ಕೊಠಡಿ ಅನ್ನುವುದು ಪ್ರತಿ ಸೆಮಿಸ್ಟರ್ ಬದಲಾಗುತ್ತದೆ. ಪುಟದಲ್ಲಿ ಏನಿದೆ ಅಂತ ಸರ್ಚ್ ಇಂಜಿನ್‌ಗಳಿಗೆ ತಿಳಿಯುವಂತೆ ಗುರುತು ಹಾಕುವ ಸ್ಕೀಮಾ ಡಾಟ್ ಆರ್ಗ್ ಮಾದರಿಯಲ್ಲೂ ಕೋರ್ಸ್ ಬೇರೆ, ಒಂದು ಸಲ ನಡೆಯುವ ಅದರ ತರಗತಿ ಬೇರೆ. ಪೂರ್ವಾರ್ಹತೆ ಬರೆಯುವಾಗ "ಸಂಖ್ಯಾಶಾಸ್ತ್ರ ಸ್ವಲ್ಪ ಗೊತ್ತಿರಬೇಕು" ಅಂತ ಬಿಡಬೇಡಿ. ಯಾವ ಕೋರ್ಸ್ ಪಾಸಾಗಿರಬೇಕು, ಅದರ ಕೋಡ್ ಏನು ಅಂತ ಬರೆದು ಲಿಂಕ್ ಕೊಡಿ. ಈ ವರ್ಷ ಕೋರ್ಸ್ ನಡೆಯುವುದಿಲ್ಲವಾ? ಹಾಗಂತಲೇ ಮೇಲೆ ಬರೆಯಿರಿ. ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಅದನ್ನೂ ಬರೆಯಿರಿ, ಯಾವಾಗ ಗೊತ್ತಾಗುತ್ತದೆ ಅನ್ನುವುದರ ಜೊತೆಗೆ.

ಹಳೆಯ ವರ್ಷದ್ದರ ಮೇಲೆ ಹೊಸದನ್ನು ಬರೆಯಬೇಡಿ. ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಅವರು ಸೇರಿದ ವರ್ಷದ ನಿಯಮವೇ ಅನ್ವಯಿಸುವುದು, ಅಲ್ವಾ? ಅವರಿಗೆ ಅದು ಕಾಣಬೇಕು. ಪ್ರತಿ ವರ್ಷಕ್ಕೂ ಬೇರೆ ವಿಳಾಸ ಇರಲಿ, ಹಳೆಯ ಪುಟದ ತಲೆಯ ಮೇಲೆ "ಇದು 2022-23ರ ಸಿಲಬಸ್, ಈಗಿನದು ಇಲ್ಲಿದೆ" ಅಂತ ದಪ್ಪ ಅಕ್ಷರದಲ್ಲಿ ಇರಲಿ. ವಿಳಾಸ ಬದಲಾಯಿಸಲೇಬೇಕಾದರೆ ಹಳೆಯದು 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಅಂತ ಬ್ರೌಸರ್‌ಗೆ ಹೇಳುವ ಸೂಚನೆ) ಮೂಲಕ ಹೊಸದಕ್ಕೆ ಹೋಗುವಂತೆ ಮಾಡಿ. ರದ್ದಾದ ಕೋರ್ಸ್‌ನ ಕೋಡನ್ನು ಬೇರೆ ವಿಷಯಕ್ಕೆ ಕೊಡಬೇಡಿ. ಅಂಕಪಟ್ಟಿ ನೋಡುವವರಿಗೆ ಮುಂದೆ ತುಂಬಾ ಗೊಂದಲವಾಗುತ್ತದೆ.

ಇನ್ನು ಜವಾಬ್ದಾರಿ. ಪ್ರತಿ ಪುಟಕ್ಕೂ ಒಂದು ಹುದ್ದೆ ಹೊಣೆಯಾಗಿರಬೇಕು, ವ್ಯಕ್ತಿ ಅಲ್ಲ. ವ್ಯಕ್ತಿ ವರ್ಗವಾಗಿ ಹೋದರೆ ಪುಟ ಅನಾಥವಾಗುತ್ತದೆ. "ಕೊನೆಯ ಸಲ ಪರಿಶೀಲಿಸಿದ್ದು" ಅಂತ ತಾರೀಖು ಹಾಕಿ, ಆದರೆ ಯಾರಾದರೂ ನಿಜವಾಗಿ ಓದಿ ನೋಡಿದ ದಿನವನ್ನೇ ಹಾಕಿ. ಕೆಲವು ಸೈಟ್‌ಗಳಲ್ಲಿ ಪುಟ ತೆರೆದಾಗಲೆಲ್ಲ ತಾನಾಗಿಯೇ ಇವತ್ತಿನ ತಾರೀಖು ಬರುತ್ತದೆ, ಅದು ಓದುವವರಿಗೆ ಹೇಳುವ ಸುಳ್ಳು. ಸಿಲಬಸ್ ಬದಲಾವಣೆಗೆ ಸಭೆ ಒಪ್ಪಿಗೆ ಕೊಟ್ಟಾಗ ವೆಬ್ ಪುಟ ತಿದ್ದುವುದನ್ನೂ ಅದೇ ನಡಾವಳಿಯಲ್ಲಿ ಬರೆಸಿ, ಯಾರು ಮಾಡಬೇಕು, ಯಾವ ದಿನದೊಳಗೆ ಅಂತ. ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇದೊಂದೇ.

ಪುಟದ ಕೆಳಗೆ "ತಪ್ಪು ಕಂಡರೆ ತಿಳಿಸಿ" ಅಂತ ಲಿಂಕ್ ಇಡಿ. ತಪ್ಪನ್ನು ಮೊದಲು ಕಾಣುವವರು ವಿದ್ಯಾರ್ಥಿಗಳೇ. ತಿದ್ದಿದ ಮೇಲೆ ಸದ್ದಿಲ್ಲದೆ ಬಿಡಬೇಡಿ: "ಮಾರ್ಚ್ 12: ಕ್ರೆಡಿಟ್ 4 ಅಂತ ಇದ್ದದ್ದನ್ನು 3 ಅಂತ ತಿದ್ದಲಾಗಿದೆ" ಅಂತ ಒಂದು ಸಾಲು ಬರೆಯಿರಿ, ಆಗಲೇ ನೋಂದಾಯಿಸಿಕೊಂಡವರಿಗೆ ಮೇಲ್ ಕಳಿಸಿ.

ನೂರಾರು ಕೋರ್ಸ್ ಇದ್ದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಜಾಸ್ತಿ ಜನ ಸೇರುವ ಕೋರ್ಸ್‌ಗಳನ್ನು ಮೊದಲು ತೆಗೆದುಕೊಂಡು, ಅವುಗಳಲ್ಲಿ ಕ್ರೆಡಿಟ್, ಪೂರ್ವಾರ್ಹತೆ, ಪರೀಕ್ಷೆಯ ಅಂಕ ಹಂಚಿಕೆ ಈ ಮೂರನ್ನು ನೋಂದಣಿ ಶುರುವಾಗುವ ಮೊದಲೇ ಸರಿ ಮಾಡಿ.