ಧೂಳು ಹಾಕಿದಷ್ಟೂ ಕರೆಂಟ್ ಜಾಸ್ತಿ!

"ಮಿಸ್, ನಮ್ಮದು ಉಲ್ಟಾ ಬರ್ತಿದೆ" ಅಂತ ಇಬ್ಬರೂ ಸ್ಟಾಫ್ ರೂಮಿನ ಬಾಗಿಲಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಪ್ರಾದೇಶಿಕ ವಿಜ್ಞಾನ ಮೇಳಕ್ಕೆ ಆಗ ಐದು ವಾರ ಉಳಿದಿತ್ತು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಒಬ್ಬಳು ಹುಡುಗಿ. ಮೊದಲು ಬಂದಾಗ "ನಮ್ಮ ವಿಷಯ ಸೌರಶಕ್ತಿ" ಅಂದಿದ್ದರು. ಅದು ವಿಷಯ ಸರಿ, ಅದರಲ್ಲಿ ಅಳೆಯೋದು ಏನು ಅಂತ ಕೇಳಿ ವಾಪಸ್ ಕಳಿಸಿದ್ದೆ. ಮೂರನೇ ಸಲ ಬಂದಾಗ ಪ್ರಶ್ನೆ ಸಿಕ್ಕಿತ್ತು: ಪ್ಯಾನೆಲ್ ಮೇಲೆ ಧೂಳು ಕೂತರೆ ಕರೆಂಟ್ ಎಷ್ಟು ಇಳಿಯುತ್ತದೆ?

ಬೇಕಾದ ಸಾಮಾನು ಸ್ವಲ್ಪವೇ. ಅಂಗೈಗಿಂತ ಸ್ವಲ್ಪ ದೊಡ್ಡದಾದ 2 ವ್ಯಾಟಿನ ಪ್ಯಾನೆಲ್, ಒಂದು ಮಲ್ಟಿಮೀಟರ್, ಜರಡಿ ಹಿಡಿದ ಒಣ ಮಣ್ಣು, 0.01 ಗ್ರಾಂವರೆಗೆ ತೂಗುವ ತಕ್ಕಡಿ. ಮೊದಲ ದಿನವೇ ಮಲ್ಟಿಮೀಟರ್ ಸತ್ತಿತು. ನಮ್ಮ ಮೀಟರಿನ ಸಣ್ಣ ಕರೆಂಟ್ ಅಳೆಯುವ ತೂತಿಗೆ ಇರುವುದು 200 ಮಿಲಿಆಂಪ್ ಫ್ಯೂಸ್. ಒಳ್ಳೆ ಬಿಸಿಲಿನಲ್ಲಿ ಆ ಪ್ಯಾನೆಲ್ 300 ದಾಟುತ್ತದೆ. ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಬೇಕಿತ್ತು. ತಪ್ಪು ನನ್ನದೇ, ಹೇಳಲು ಮರೆತಿದ್ದೆ.

ಇನ್ನು ಆ ಉಲ್ಟಾ ಲೆಕ್ಕ. ಸೋಮವಾರ ಸ್ವಚ್ಛ ಪ್ಯಾನೆಲ್, ಮಂಗಳವಾರ 0.15 ಗ್ರಾಂ ಧೂಳು, ಬುಧವಾರ 0.30 ಗ್ರಾಂ. ಬುಧವಾರದ ಕರೆಂಟೇ ಎಲ್ಲಕ್ಕಿಂತ ಜಾಸ್ತಿ! ಸೋಮವಾರ ಮೋಡ ಇತ್ತು, ಅಷ್ಟೇ ವಿಷಯ. ಅವರು ಧೂಳನ್ನಲ್ಲ, ಆಕಾಶವನ್ನು ಅಳೆದಿದ್ದರು.

"ಸೋಮವಾರದ್ದು ಬಿಟ್ಟುಬಿಡೋಣ ಮಿಸ್" ಅಂದ ಹುಡುಗ. ನೋಟ್‌ಬುಕ್ಕಿನ ಆ ಹಾಳೆ ಹರಿಯಲು ಕೈಯೂ ಹಾಕಿದ್ದ. ನಾನು ಬಿಡಲಿಲ್ಲ. ಈ ಒಂದು ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಇರುತ್ತೇನೆ. ಕೆಟ್ಟ ಅಂಕಿ ಬಂದರೆ ಅದರ ಪಕ್ಕದಲ್ಲೇ ಕಾರಣ ಬರೆಯಿರಿ, ಅಳಿಸಬೇಡಿ. ಅವನು ಬೇಜಾರಿನಲ್ಲೇ "ಮೋಡ, ನಾವು ಗಮನಿಸಲಿಲ್ಲ" ಅಂತ ಬರೆದ.

ದಾರಿ ಹೇಳಿದವಳು ಹುಡುಗಿ. "ಎರಡು ಪ್ಯಾನೆಲ್ ಪಕ್ಕಪಕ್ಕ ಇಡೋಣ. ಒಂದಕ್ಕೆ ಮಾತ್ರ ಧೂಳು. ಮೋಡ ಬಂದರೆ ಎರಡಕ್ಕೂ ಬರುತ್ತೆ, ಅಲ್ವಾ?" ಅಲ್ಲಿಂದ ಮುಂದೆ ಅವರು ಬರೆದದ್ದು ಬರೀ ಕರೆಂಟನ್ನಲ್ಲ, ಎರಡರ ಅನುಪಾತವನ್ನು. ತೆಳು ಮೋಡ ಬಂದು ಎರಡೂ ಇಳಿದರೂ ಅನುಪಾತ ಹೆಚ್ಚೂಕಡಿಮೆ ಅಲ್ಲೇ ನಿಲ್ಲುತ್ತಿತ್ತು. ಅದನ್ನು ಮೊದಲ ಸಲ ನೋಡಿದಾಗ ಇಬ್ಬರೂ ಮೀಟರನ್ನು ಬಿಟ್ಟು ಆಕಾಶ ನೋಡುತ್ತಿದ್ದರು.

ಆಮೇಲೆ ನಾನು ಬೇಕಂತಲೇ ಒಂದು ಪ್ರಶ್ನೆ ಕೇಳಿದೆ: ಎರಡೂ ಪ್ಯಾನೆಲ್ ಒಂದೇ ಅಂತ ಹೇಗೆ ಗೊತ್ತು? ಎರಡನ್ನೂ ಒರೆಸಿ ಅಳೆದರು. ಒಂದು 312 ಮಿಲಿಆಂಪ್, ಇನ್ನೊಂದು 301. ಜಾಗ ಅದಲು ಬದಲು ಮಾಡಿದರೂ ಅಷ್ಟೇ ವ್ಯತ್ಯಾಸ. ಒಂದೇ ಕಂಪನಿ, ಒಂದೇ ಮಾಡೆಲ್, ಆದರೂ ಹೀಗೆ. ಧೂಳು ಹಾಕುತ್ತಿದ್ದದ್ದು ಕಡಿಮೆ ಕೊಡುವ ಪ್ಯಾನೆಲ್ಲಿಗೆ. ಹಾಗಾಗಿ 0.30 ಗ್ರಾಂಗೆ ಶೇಕಡಾ 15 ಅಂತ ಬಂದಿದ್ದ ನಷ್ಟ, ಈ ವ್ಯತ್ಯಾಸ ತೆಗೆದ ಮೇಲೆ ಶೇಕಡಾ 12ಕ್ಕೆ ಇಳಿಯಿತು. ಅಂಕಿ ಸಣ್ಣದಾಯಿತು ಅಂತ ಹುಡುಗನಿಗೆ ಬೇಸರ. ಹುಡುಗಿ ಮಾತ್ರ ಅದರ ಕೆಳಗೆ ಎರಡು ಗೆರೆ ಎಳೆದಳು.

ಧೂಳು ಉದುರಿಸುವುದೂ ಸುಲಭವಲ್ಲ. ಪ್ಯಾನೆಲ್ ಸುತ್ತ ಪೇಪರ್ ಹಾಸಿ, ಸಣ್ಣ ಜರಡಿಯಿಂದ ನಿಧಾನವಾಗಿ ತಟ್ಟಬೇಕು. ಪೇಪರಿನ ಮೇಲೆ ಬಿದ್ದದ್ದನ್ನು ಮತ್ತೆ ತೂಗಿ ಕಳೆಯಬೇಕು. ಒಂದು ಸೀನು ಬಂದರೆ ಮೊದಲಿಂದ ಶುರು. ಪ್ರತಿ ತೂಕಕ್ಕೂ ಐದು ಸಲ ಮಾಡಿಸಿದೆ. ಬೈದುಕೊಂಡೇ ಮಾಡಿದರು.

ಬೋರ್ಡ್ ಬಗ್ಗೆ ಜಾಸ್ತಿ ಹೇಳಲ್ಲ. ಹುಡುಗ ಕಂಪ್ಯೂಟರಿನಲ್ಲಿ ಮೂರು ಆಯಾಮದ ಬಣ್ಣಬಣ್ಣದ ಕಂಬಗಳನ್ನು ಮಾಡಿ ತಂದಿದ್ದ. ತೆಗೆಸಿ, ಐದು ಅಳತೆಗಳ ಚುಕ್ಕೆಗಳೂ ಕಾಣುವ ಸಾದಾ ಗ್ರಾಫ್ ಹಾಕಿಸಿದೆ.

ಮೇಳದ ಬೆಳಿಗ್ಗೆ ಇನ್ನೊಂದು ಎಡವಟ್ಟು. ಟೇಬಲ್ ಮೇಲೆ ಚೆಂದವಾಗಿ ಇಟ್ಟಿದ್ದ ಮಣ್ಣಿನ ಬಾಟಲಿಯನ್ನು ಸುರಕ್ಷತಾ ತಪಾಸಣೆಯವರು ತೆಗೆಸಿದರು. 1950ರಲ್ಲಿ ಶುರುವಾದ ಐಸೆಫ್ ಅನ್ನೋ ಅಂತರರಾಷ್ಟ್ರೀಯ ಮೇಳದ ನಿಯಮದಲ್ಲಿ ಮಣ್ಣು, ಮರಳು, ರಾಸಾಯನಿಕ, ಗಿಡ, ಪ್ರಾಣಿ ಯಾವುದನ್ನೂ ಪ್ರದರ್ಶನದಲ್ಲಿ ಇಡುವಂತಿಲ್ಲ. ನಾವು ಹೋಗಿದ್ದ ಮೇಳದ ನಿಯಮವೂ ಹಾಗೇ ಇತ್ತು, ನಾನೇ ಸರಿಯಾಗಿ ಓದಿರಲಿಲ್ಲ. ಪುಣ್ಯಕ್ಕೆ ಫೋಟೋ ಇತ್ತು. ಮನುಷ್ಯರ ಮೇಲೋ ಪ್ರಾಣಿಗಳ ಮೇಲೋ ಪ್ರಯೋಗವಾಗಿದ್ದರೆ ಕಷ್ಟವಾಗುತ್ತಿತ್ತು. ಅಂಥದ್ದಕ್ಕೆ ಅನುಮತಿಯ ಫಾರಂ ಪ್ರಯೋಗ ಶುರುವಾಗುವ ಮೊದಲೇ ಆಗಿರಬೇಕು, ಆಮೇಲೆ ತಂದರೆ ಆಗಲ್ಲ.

ತೀರ್ಪುಗಾರರು ಬಂದಾಗ ನಮ್ಮನ್ನು ಹೊರಗೆ ಕಳಿಸಿದರು. ಒಳಗೆ ನಡೆದದ್ದು ಮಕ್ಕಳೇ ಹೇಳಿದ್ದು. ಒಬ್ಬರು ಬೋರ್ಡ್ ನೋಡಲೇ ಇಲ್ಲವಂತೆ, ನೇರ ನೋಟ್‌ಬುಕ್ ತಿರುವಿದರಂತೆ. ಸೋಮವಾರದ ಹಾಳೆಯಲ್ಲಿ ನಿಂತು "ಇದೇನು?" ಅಂದರಂತೆ. ಹುಡುಗನೇ ಎಲ್ಲ ಹೇಳಿದನಂತೆ, ಹಾಳೆ ಹರಿಯಲು ಹೋದದ್ದನ್ನೂ ಸೇರಿಸಿ. ಅವರು ನಕ್ಕು ಪಕ್ಕದಲ್ಲಿದ್ದ ಕುರ್ಚಿ ಎಳೆದು ಕೂತರಂತೆ. ಇನ್ನೊಬ್ಬರು "ಧೂಳು ಕೂತ ಪ್ಯಾನೆಲ್ ಜಾಸ್ತಿ ಬಿಸಿಯಾಗುತ್ತಾ?" ಅಂತ ಕೇಳಿದ್ದಾರೆ. ಬಿಸಿ ಏರಿದರೆ ಪ್ಯಾನೆಲ್ಲಿನ ವೋಲ್ಟೇಜ್ ಇಳಿಯುತ್ತದೆ, ಹಾಗಾಗಿ ಅದು ಸರಿಯಾದ ಪ್ರಶ್ನೆಯೇ. "ಗೊತ್ತಿಲ್ಲ, ಅಳೆದಿಲ್ಲ. ಎರಡರ ಹಿಂಬದಿಗೂ ಥರ್ಮಾಮೀಟರ್ ಅಂಟಿಸಿದರೆ ಗೊತ್ತಾಗುತ್ತೆ" ಅಂದಳಂತೆ ಹುಡುಗಿ.

ಎರಡನೇ ಬಹುಮಾನ ಬಂತು. ಮೊದಲನೆಯದು ಪಕ್ಕದ ಟೇಬಲ್ಲಿನವರಿಗೆ. ಅವರ ಕೆಲಸ ನಮ್ಮದಕ್ಕಿಂತ ಚೆನ್ನಾಗಿತ್ತು, ನಾನೇ ನೋಡಿದೆ.

ಈ ವರ್ಷ ಹೊಸ ತಂಡ. ಮೊದಲ ದಿನವೇ ಕೆಂಪು ವೈರ್ ಯಾವ ತೂತಿಗೆ ಅಂತ ಎರಡೆರಡು ಸಲ ಹೇಳಿದೆ. ಅರ್ಧ ಗಂಟೆಗೆ ಫ್ಯೂಸ್ ಹಾರಿತು. ಈ ಸಲ ಹತ್ತು ತಂದಿಟ್ಟುಕೊಂಡಿದ್ದೇನೆ.