ಬೇಸ್‌ಲೈನ್‌ನ 'ಟಿಕ್' ಸದ್ದು ಹೋಯಿತು

ಬೆಳಗಾವಿಯ ಟಿಳಕವಾಡಿಯ ನನ್ನ ರೂಮಿನಲ್ಲಿ ಕಂಪ್ಯೂಟರ್‌ನಲ್ಲಿ ಸಂಗೀತ ಮಾಡುತ್ತಾ, ಮೂರು ರಾತ್ರಿ ಒಂದೇ ಬೇಸ್‌ಲೈನ್ (ಹಾಡಿನ ತಗ್ಗು ಸ್ವರಗಳ ಸಾಲು) ಹಿಡಿದು ಕೂತಿದ್ದೆ. ಫಿಲ್ಟರ್ ಕಟಾಫ್‌ನ (ಫಿಲ್ಟರ್ ಎಲ್ಲಿಂದ ಸದ್ದನ್ನು ತಡೆಯಬೇಕೆಂಬ ಮಿತಿ) ಆಟೊಮೇಷನ್, ಅಂದರೆ ಅದು ತಾನಾಗಿ ಬದಲಾಗುವಂತೆ ಮಾಡಿದ ಸೆಟ್ಟಿಂಗ್, ಸರಿಯಾಗಿಯೇ ಇತ್ತು. ಆದರೂ ಮೊದಲ ಏಟು ಒಮ್ಮೆ ಗಟ್ಟಿ, ಒಮ್ಮೆ ಸಪ್ಪೆ. ಪ್ರತಿ ನೋಟ್‌ಗೂ (ಸ್ವರಕ್ಕೂ) ಸದ್ದು ಹುಟ್ಟಿಸುವ ಆಸಿಲೇಟರ್‌ನ ಅಲೆ ಬೇರೆ ಬೇರೆ ಜಾಗದಿಂದ ಶುರುವಾಗುತ್ತಿತ್ತು. ಅಲೆಯನ್ನು ಪ್ರತಿ ಸಲ ಒಂದೇ ಜಾಗದಿಂದ ಶುರು ಮಾಡುವ 'ಫೇಸ್ ರೀಟ್ರಿಗರ್' ಆನ್ ಮಾಡಿದೆ, ಏಟು ಒಂದೇ ಸಮ ಆಯಿತು.

ಆಮೇಲೆ ಅದನ್ನು ಆಡಿಯೋ ಆಗಿ ರೆಕಾರ್ಡ್ ಮಾಡಿಕೊಂಡು ತುಂಡು ಮಾಡಿದೆ. ಪ್ರತಿ ತುಂಡಿನ ತುದಿಯಲ್ಲೂ 'ಟಿಕ್'! ಸುಮ್ನೆ ಪ್ಲಗಿನ್ (ಸದ್ದು ಮಾಡುವ ಸಾಫ್ಟ್‌ವೇರ್) ಮೇಲೆ ಅನುಮಾನಪಟ್ಟೆ. ಝೂಮ್ ಮಾಡಿ ನೋಡಿದರೆ, ಅಲೆ ಮೇಲಕ್ಕೆ ಏರುತ್ತಿರುವಾಗಲೇ ಕತ್ತರಿಸಿದ್ದೆ, ಅಲ್ಲಿ ಅಲೆ ಥಟ್ಟನೆ ನಿಂತು 'ಟಿಕ್' ಬರುತ್ತಿತ್ತು. ಬೇಸ್‌ನ ಅಲೆ ನಿಧಾನ: 50 ಹರ್ಟ್ಸ್‌ನ (ಸೆಕೆಂಡಿಗೆ 50 ಅಲೆ) ಒಂದು ಅಲೆ ಮುಗಿಯಲು 20 ಮಿಲಿಸೆಕೆಂಡ್ ಬೇಕು. ಬೇಸ್‌ನಲ್ಲಿ ಇಂಥ ತಪ್ಪು ಜಾಸ್ತಿ ಕೇಳಿಸುತ್ತದೆ, ಅಲ್ವಾ? ಅಲೆ ಸೊನ್ನೆ ಗೆರೆ ದಾಟುವಲ್ಲೇ ಕತ್ತರಿಸಿ, ತುದಿಗಳಿಗೆ 3 ಮಿಲಿಸೆಕೆಂಡ್ ಫೇಡ್ (ಸದ್ದು ಮೆಲ್ಲಗೆ ಏರಿ ಇಳಿಯುವಂತೆ) ಕೊಟ್ಟೆ. 'ಟಿಕ್' ಸದ್ದು ಮಾಯ. ಈಗ ತುಂಡುಗಳನ್ನು ಉಲ್ಟಾ ಮಾಡಿ, ಪಿಚ್ ಇಳಿಸಿ ಕೇಳುತ್ತಿದ್ದೇನೆ, ತುಂಬಾ ಖುಷಿಯಾಗುತ್ತಿದೆ.